ರಜದ ಲೆಕ್ಕ ಮಗಳ ಕೈಲಿ

ರಜಕ್ಕೆ ಎಲ್ಲಿಗ್ ಹೋಗ್ತಿದೀರ ಅನ್ನೋ ಪ್ರಶ್ನೆ ಮಾರ್ಚ್ ಕೊನೇಲಿ ಶುರುವಾಗತ್ತೆ ನೋಡಿ, ಸ್ಕೂಲ್ ಗೇಟ್ ಹತ್ರ ಕೇಳ್ತಾರೆ, ಹಾಲಿನ ಬೂತಲ್ಲಿ ಕೇಳ್ತಾರೆ, ಮದುವೆ ಊಟದ ಪಂಕ್ತೀಲಿ ಪಕ್ಕದ ಎಲೆಗೆ ಕೂತೋರೂ ಕೇಳ್ತಾರೆ. ಕೇಳೋರು ತಮ್ದು ಮನಾಲಿನೋ ದುಬೈನೋ ಮೊದ್ಲೇ ಬುಕ್ ಮಾಡ್ಕೊಂಡಿರ್ತಾರೆ, ನಮ್ಮ ಉತ್ತರ ಅವ್ರಿಗೆ ಅಷ್ಟೇನೂ ಬೇಕಿರಲ್ಲ ಬಿಡಿ. ನಮ್ದು ತುಮಕೂರು, ಬಾಡಿಗೆ ಮನೆ, ನಮ್ ಯಜಮಾನ್ರ ಒಂದ್ ಸಂಬಳ, ನಾನು ಸಂಜೆ ಹೊತ್ತು ಮನೇಲೇ ಟ್ಯೂಷನ್ ಹೇಳ್ತೀನಿ, ರಜ ಬಂತಂದ್ರೆ ಅದೂ ಬಂದ್. ಮಕ್ಕಳಿಗೆ ಟೈಮೇ ಟೈಮು, ನಮ್ ಕೈಲಿ ಮಾತ್ರ ವರ್ಷದಲ್ಲೇ ಕಮ್ಮಿ ದುಡ್ಡು, ಜೂನ್ ಬಂದ್ರೆ ಫೀಸು ಯೂನಿಫಾರ್ಮು ನೋಟ್‌ಬುಕ್ಕು ಎಲ್ಲಾ ಸಾಲಾಗಿ ನಿಂತಿರತ್ತೆ.

ಒಂದ್ ಮಾತು ಮೊದ್ಲೇ ಹೇಳ್ಬಿಡ್ತೀನಿ. ಸರಳ ಜೀವನದಲ್ಲೇ ನಿಜವಾದ ಸುಖ ಇದೆ ಅಂತೆಲ್ಲ ನಾನು ಬರೆಯಲ್ಲ. ದುಡ್ಡಿದ್ದಿದ್ರೆ ನಾನೂ ಸಮುದ್ರದ ಪಕ್ಕ ರೂಮ್ ಮಾಡಿ, ಯಾರೋ ಮಾಡಿಟ್ಟ ತಿಂಡಿ ತಿನ್ಕೊಂಡು, ಪಾತ್ರೆ ತೊಳೀದೆ ನಾಲ್ಕ್ ದಿನ ಆರಾಮಾಗಿ ಇದ್ದು ಬರ್ತಿದ್ದೆ. ಇಲ್ಲ, ಅದಕ್ಕೆ ಬೇರೆ ದಾರಿ ನೋಡ್ಕೊಂಡಿದೀವಿ, ಅಷ್ಟೇ.

ಆ ದಾರಿ ಏನಂದ್ರೆ ರಜದ ದುಡ್ಡನ್ನ ಒಂದ್ ಕವರಲ್ಲಿ ಹಾಕಿ ಮಗಳ ಕೈಗೆ ಕೊಟ್ಬಿಡೋದು. ಅವಳಿಗೆ ಈಗ 13, ಮಗನಿಗೆ 9. ಇಷ್ಟೇ ಇರೋದು, ಏಪ್ರಿಲ್ ಮೇ ಎರಡು ತಿಂಗಳಿಗೆ, ಸುತ್ತಾಟ, ಹೊರಗಡೆ ತಿನ್ನೋದು, ಟೀವಿ ರೀಚಾರ್ಜು, ಐಸ್‌ಕ್ರೀಮು, ಎಲ್ಲಾ ಇದ್ರಲ್ಲೇ, ನೀವೇ ಕೂತು ಯೋಚ್ನೆ ಮಾಡಿ ಅಂತ. ಮಕ್ಕಳಿಗೆ ಇಂಥದ್ದೆಲ್ಲ ಯಾಕೆ ಹೇಳ್ತೀಯಾ, ಮನಸ್ಸಿಗೆ ಹಚ್ಕೋತವೆ ಅಂತ ನಮ್ಮಕ್ಕ ಬೈದ್ಳು. ಹಚ್ಕೊಂಡಿದ್ದೇನೂ ನಾ ಕಾಣೆ, ಮಗಳು ಮಾತ್ರ ನನಗಿಂತ ದೊಡ್ಡ ಜಿಪುಣಿ ಆಗಿ ಕೂತಿದಾಳೆ, ಬಸ್‌ಸ್ಟ್ಯಾಂಡಲ್ಲಿ ಅವರಪ್ಪ ಎರಡನೇ ಕಾಫಿ ಕೇಳಿದ್ರೆ "ಈಗ ತಾನೇ ಕುಡಿದ್ರಲ್ಲಪ್ಪಾ" ಅಂತ ಎಲ್ಲರೆದುರಿಗೇ ಅಂದ್ಬಿಟ್ಲು. ಅದು ಕೊಡ್ಸು ಇದು ಕೊಡ್ಸು ಅಂತ ನನ್ ಸೆರಗು ಎಳೀತಿದ್ದ ಮಗ ಈಗ ಅಕ್ಕನ ಹತ್ರ ಹೋಗಿ ವಾದ ಮಾಡ್ತಾನೆ, ಅಲ್ಲೇನೂ ಗಿಟ್ಟಲ್ಲ ಅಂತ ಅವನಿಗೂ ಗೊತ್ತು.

ಈ ಸಲದ ದೊಡ್ಡ ಟ್ರಿಪ್ಪು ಹಳೇಬೀಡು. ದೊಡ್ಡ ಟ್ರಿಪ್ಪು ಅಂದ್ರೆ ಬೆಳಗ್ಗೆ ಕತ್ಲೆ ಇರೋವಾಗ ಹೊರಟು ರಾತ್ರಿ ಮನೆಗೆ ಬಂದು ಮಲಗೋದು. ದುಡ್ಡು ಪೂರ್ತಿ ತಿನ್ನೋದೇ ರಾತ್ರಿ ಉಳಿಯೋದು ಕಣ್ರೀ, ನಮ್ಮತ್ತೆನೂ ಸೇರಿ ಐದ್ ಜನಕ್ಕೆ ಅಂದ್ರೆ ಒಂದ್ ರೂಮ್ ಸಾಲಲ್ಲ, ಎಕ್ಸ್‌ಟ್ರಾ ಬೆಡ್ಡು ಅಂತಾರೆ, ಮತ್ತೆ ರಾತ್ರಿ ಊಟ, ಬೆಳಗ್ಗೆ ತಿಂಡಿ, ಅಲ್ಲಿಗೆ ಕವರ್ ಖಾಲಿ. ಹಂಗಾಗಿ ನಮ್ದು ಒಂದೇ ನಿಯಮ, ರಾತ್ರಿ ಉಳಿಯೋದಾದ್ರೆ ನೆಂಟರ ಮನೆ, ಇಲ್ಲಾ ಧರ್ಮಸ್ಥಳದ ಥರ ಕಮ್ಮಿ ದರಕ್ಕೆ ವಸತಿಗೃಹ ಸಿಕ್ಕಿ, ಊಟನೂ ಅಲ್ಲೇ ಅನ್ನಛತ್ರದಲ್ಲಿ ಆಗೋ ಕ್ಷೇತ್ರ. ಬಾಕಿ ಎಲ್ಲ ಹೋಗಿ ಬರೋ ಜಾಗ.

ಹೋಗೋದು ಹೇಗೆ ಅನ್ನೋದ್ರ ಮೇಲೆ ಮನೇಲಿ ಎರಡು ದಿನ ಚರ್ಚೆ ನಡೀತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದ್ಯಲ್ಲ, ನಾನು, ಮಗಳು, ನಮ್ಮತ್ತೆ ಮೂರೂ ಜನಕ್ಕೆ ಕೆಎಸ್ಸಾರ್ಟಿಸಿ ಬಸ್ಸಲ್ಲಿ ಶೂನ್ಯ ಟಿಕೆಟ್ಟು, ರಾಜಹಂಸ ಎಸಿ ಅಂಥದ್ದಕ್ಕೆ ಹತ್ತದೆ ಮಾಮೂಲಿ ಬಸ್ಸಿಗೆ ಹತ್ತಿದ್ರೆ ಸರಿ, ಆಧಾರ್ ಜೊತೇಲಿರ್ಬೇಕು. ದುಡ್ಡು ಕೊಡಬೇಕಾಗಿರೋದು ಅಪ್ಪ ಮಗ ಇಬ್ಬರೇ, ಮಗನಿಗೆ ಅರ್ಧ ಟಿಕೆಟ್ಟು. ರೈಲಾದ್ರೆ ತಲಾ ಚಾರ್ಜು ಬಸ್ಸಿಗಿಂತ ತುಂಬಾ ಕಮ್ಮಿ, ಆದ್ರೆ ಅಲ್ಲಿ ನಾಲ್ಕೂವರೆ ಟಿಕೆಟ್ಟು, ಅತ್ತೆಗೆ ಮುಂಚೆ ಇದ್ದ ಸೀನಿಯರ್ ಸಿಟಿಜನ್ ರಿಯಾಯಿತೀನೂ 2020ರಲ್ಲಿ ನಿಲ್ಸಿದಾರೆ. ಮಗಳು ಪೆನ್ನು ಹಿಡ್ಕೊಂಡು ಕೂಡಿ ಕಳೆದು, ಬಸ್ಸೇ ಲಾಭ, 2025ರ ಜನವರೀಲಿ ಚಾರ್ಜು ನೂರಕ್ಕೆ 15 ಏರಿಸಿದ್ರೂ ನಮ್ ಮನೆಗೆ ಬಸ್ಸೇ ಲಾಭ ಅಂತ ತೀರ್ಪು ಕೊಟ್ಲು. ಆದ್ರೆ ಅತ್ತೆ ಒಪ್ಬೇಕಲ್ಲ, "ರೈಲಲ್ಲಿ ಬಾತ್‌ರೂಮ್ ಇರತ್ತೆ, ನಿಮ್ ಲೆಕ್ಕ ನಿಮ್ ಹತ್ರಾನೇ ಇಟ್ಕೊಳಿ" ಅಂದ್ರು. ಕೊನೆಗೆ ಅರಸೀಕೆರೆವರ್ಗೂ ರೈಲು, ಅಲ್ಲಿಂದ ಜಾವಗಲ್ ಮೇಲೆ ಹಳೇಬೀಡಿಗೆ ಬಸ್ಸು, ವಾಪಸ್ ಬರ್ತಾ ಪೂರ್ತಿ ಬಸ್ಸು ಅಂತ ರಾಜಿ ಆಯ್ತು.

ರೈಲಿದೇ ಒಂದು ಅರ್ಧ ಪಿಕ್ನಿಕ್ಕು. ಗುಬ್ಬಿ, ನಿಟ್ಟೂರು, ಸಂಪಿಗೆ ರೋಡು, ಅಮ್ಮಸಂದ್ರ, ಬಾಣಸಂದ್ರ ಅಂತ ಮಗ ಬೋರ್ಡು ಓದ್ತಾ ಓದ್ತಾ ಕಿಟಕಿ ಬಿಟ್ಟು ಅಲ್ಲಾಡ್ಲಿಲ್ಲ, ಉದ್ದಕ್ಕೂ ತೆಂಗಿನ ತೋಟ, ತಿಪಟೂರು ಬರೋ ಹೊತ್ತಿಗೆ ಎದುರು ಸೀಟಲ್ಲಿ ಕೂತಿದ್ದ ಯಜಮಾನ್ರೊಬ್ರು ಕೊಬ್ಬರಿ ಕ್ವಿಂಟಾಲಿಗೆ ಎಷ್ಟಾಯ್ತು ಅಂತ ನಮ್ಮೋರ ಜೊತೆ ಶುರು ಹಚ್ಕೊಂಡ್ರು, ಇವರಿಗೂ ತೋಟಕ್ಕೂ ಏನೂ ಸಂಬಂಧ ಇಲ್ಲ, ಆದ್ರೂ ಎಲ್ಲ ಗೊತ್ತಿರೋರ ಥರ ತಲೆ ಆಡಿಸ್ತಿದ್ರು.

ಬುತ್ತಿ ವಿಷಯ ಹೇಳ್ಬೇಕು. ಬೆಳಗ್ಗೆಗೆ ಚಪಾತಿ, ಹುಚ್ಚೆಳ್ಳು ಚಟ್ನಿಪುಡಿ, ಮಧ್ಯಾಹ್ನಕ್ಕೆ ಪುಳಿಯೋಗರೆ, ಮೊಸರನ್ನ. ಏಪ್ರಿಲ್ ಬಿಸಿಲಿಗೆ ಮೊಸರನ್ನ ಹನ್ನೊಂದು ಗಂಟೆಗೇ ಹುಳಿ ಬಂದ್ಬಿಡತ್ತೆ, ಅದಕ್ಕೆ ಅನ್ನ ಮೆತ್ತಗೆ ಮಾಡಿ ಕಾಯಿಸಿ ಆರಿಸಿದ ಹಾಲೇ ಜಾಸ್ತಿ ಹಾಕಿ ಕಲಸ್ಬೇಕು, ಮೊಸರು ಒಂದೇ ಒಂದ್ ಚಮಚ, ಊಟದ ಹೊತ್ತಿಗೆ ಡಬ್ಬೀಲೇ ಹದವಾಗಿ ಮೊಸರಾಗಿರತ್ತೆ. ಒಗ್ಗರಣೆಗೆ ಈರುಳ್ಳಿ ಬೇಡ. ಹೊರಗಡೆ ಏನೂ ತಿನ್ನಲ್ಲ ಅಂತೇನಿಲ್ಲ, ದಿನಕ್ಕೆ ಒಂದು ಐಟಂ, ಅದು ಏನು ಅಂತ ಮಕ್ಕಳೇ ಹೇಳ್ಬೇಕು, ಆವತ್ತು ಜಾವಗಲ್ಲಲ್ಲಿ ಕಬ್ಬಿನ ಹಾಲಾಯ್ತು.

ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನ ಬೇಲೂರು, ಸೋಮನಾಥಪುರದ ಜೊತೆ 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರ್ತು, ಆದ್ರೂ ಒಳಗೆ ಹೋಗೋಕೆ ಟಿಕೆಟ್ ಇಲ್ಲ. ಚಪ್ಪಲಿ ಹೊರಗೆ ಬಿಡ್ಬೇಕು, ಬಿಸಿಲೇರಿದ ಮೇಲೆ ಹೋದ್ರೆ ಜಗತಿ, ಅಂದ್ರೆ ದೇವಸ್ಥಾನದ ಸುತ್ತಿನ ಕಟ್ಟೆ, ಅದ್ರ ಮೇಲಿನ ಕಲ್ಲು ಕಾದು ಕೆಂಡ, ಮಕ್ಕಳು ಕುಣೀತಾವೆ, ಎಲ್ಲರೂ ಕಾಲಿಗೆ ಒಂದೊಂದ್ ಜೊತೆ ಹಳೇ ಸಾಕ್ಸ್ ತಗೊಂಡ್ ಹೋಗಿ. ಗೈಡು ಮಾಡ್ಲಿಲ್ಲ. ಕವರಿನ ಯಜಮಾನಿ ಬೇಡ ಅಂದ್ಲು, ಬೇಕಾಗೂ ಇರ್ಲಿಲ್ಲ, ಯಾಕಂದ್ರೆ ನಮ್ಮತ್ತೆ ಓದಿರೋದು ನಾಲ್ಕನೇ ಕ್ಲಾಸಾದ್ರೂ ಹರಿಕಥೆ, ನಾಟಕ, ಪುರಾಣ ಅಂತ ಕೇಳೀ ಕೇಳೀ ಅವರ ತಲೇಲಿ ಎಲ್ಲಾ ಕಥೆ ಇದೆ. ಗೋಡೆ ಬುಡದಲ್ಲಿ ಆನೆ ಸಾಲು, ಅದ್ರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಮೇಲ್ಗಡೆ ರಾಮಾಯಣ ಮಹಾಭಾರತ ಅಂತ ಹೋಗತ್ತಲ್ಲ, ಅತ್ತೆ ಸೊಂಟ ಹಿಡ್ಕೊಂಡು ಬಗ್ಗಿ ಬಗ್ಗಿ ನೋಡಿ "ಲೋ ಬಾರೋ ಇಲ್ಲಿ, ಇವ್ನ್ಯಾರು ಹೇಳು" ಅಂತಾರೆ. ಬೆಟ್ಟ ಎತ್ತಿರೋ ಹತ್ತು ತಲೆಯವನು, ಇವ್ನು ಕೃಷ್ಣ ಅಂದ ಮಗ. "ಕೃಷ್ಣಂಗೆ ಹತ್ತು ತಲೆ ಎಲ್ಲಿಂದ ಬಂತೋ, ಕೈಲಾಸ ಎತ್ತಿದೋನು ರಾವಣ, ಗೋವರ್ಧನ ಎತ್ತಿದೋನು ಕೃಷ್ಣ, ಆ ಕಡೆ ಇದಾನೆ ಬಾ ತೋರಿಸ್ತೀನಿ." ಪಕ್ಕದಲ್ಲಿ ಬೇರೆ ಯಾರೋ ಫ್ಯಾಮಿಲಿಯವ್ರು ಮಕ್ಕಳನ್ನ ಕರ್ಕೊಂಡು ಬಂದಿದ್ರು, ಆ ಮಕ್ಕಳೂ ನಮ್ಮತ್ತೆ ಹಿಂದೆನೇ.

ಹೊಯ್ಸಳೇಶ್ವರ ನೋಡಿ ಜನ ಬೇಲೂರಿಗೆ ಓಡ್ತಾರೆ, 16 ಕಿಲೋಮೀಟರ್ ಅಷ್ಟೇ ಅಲ್ವಾ ಅಂತ. ನಾವು ಓಡ್ಲಿಲ್ಲ. ಒಂದ್ ದಿನಕ್ಕೆ ಒಂದೇ ಊರು, ಎರಡು ಊರು ಮಾಡಿದ್ರೆ ಎರಡೂ ಕಡೆ ಫೋಟೋ ಮಾತ್ರ ಉಳಿಯೋದು, ಬೇಲೂರಿಗೆ ಇನ್ನೊಂದ್ ಸಲ ಬಂದ್ರಾಯ್ತು. ಅದ್ರ ಬದಲು ಅಲ್ಲೇ ನಡ್ಕೊಂಡು ಹೋದ್ರೆ ಬಸ್ತಿಹಳ್ಳೀಲಿ ಜೈನ ಬಸದಿಗಳಿವೆ, ಜನಾನೇ ಇರಲ್ಲ. 1133ರ ಪಾರ್ಶ್ವನಾಥ ಬಸದಿ, ಒಳಗೆ ಕರೀ ಕಲ್ಲಿನ ಕಂಬಗಳು, ಎಷ್ಟು ನುಣ್ಣಗೆ ಹೊಳಪು ಕೊಟ್ಟಿದಾರೆ ಅಂದ್ರೆ ಮುಂದೆ ನಿಂತ್ರೆ ನಮ್ ಮುಖ ಕಾಣ್ಸತ್ತೆ, ಕಂಬದ ಉಬ್ಬು ತಗ್ಗಿಗೆ ಒಂದ್ ಕಡೆ ಉದ್ದ, ಒಂದ್ ಕಡೆ ಗಿಡ್ಡ. ಅಪ್ಪನ ಹೊಟ್ಟೆ ಇನ್ನೂ ದೊಡ್ಡದಾಗಿ ಕಾಣೋ ಜಾಗ ಒಂದನ್ನ ಮಗ ಕಂಡುಹಿಡಿದು, ಕೈ ಹಿಡ್ಕೊಂಡು ಬಂದು ಅಲ್ಲೇ ನಿಲ್ಸಿದ್ದೇ ನಿಲ್ಸಿದ್ದು. ಬಸದಿ ಒಳಗೆ ತಂಪು ಬೇರೆ, ಅತ್ತೆ ಕಂಬಕ್ಕೆ ಒರಗಿ ಒಂದು ನಿದ್ದೆ ತೆಗೆದ್ರು. ಟಿಕೆಟ್ ಕೊಟ್ಟು ಹೋಗೋ ಎಮ್ಯೂಸ್‌ಮೆಂಟ್ ಪಾರ್ಕಲ್ಲಿ ಇಂಥ ಡೊಂಕು ಕನ್ನಡಿ ಕೋಣೆ ಇರತ್ತೆ, ಅದಕ್ಕೆ 900 ವರ್ಷ ಆಗಿರಲ್ಲ ಅಷ್ಟೇ.

ವಾಪಸ್ ಬಸ್ಸಲ್ಲಿ ಮೂರು ಶೂನ್ಯ ಟಿಕೆಟ್, ಒಂದು ಫುಲ್ಲು, ಒಂದು ಹಾಫು. ಮಗನಿಗೆ ಅಲ್ಲೇ ದೊಡ್ಡ ಅನ್ಯಾಯ ಕಾಣ್ಸಿ ಕಂಡಕ್ಟರಣ್ಣನ್ನೇ ಕೇಳಿದ, ಅಕ್ಕಂಗೆ ಫ್ರೀ ನಂಗ್ಯಾಕ್ ದುಡ್ಡು ಅಂತ. "ನೀನ್ ದುಡಿಯೋ ಗಂಡಸಲ್ವೇನಪ್ಪಾ" ಅಂದ್ರು ಅವರು, ಇಡೀ ಬಸ್ಸು ನಕ್ತು, ಇವ್ನು ತಿಪಟೂರುವರ್ಗೂ ಮುಖ ಊದಿಸ್ಕೊಂಡೇ ಇದ್ದ.

ಇಷ್ಟಾದ್ರೂ ಈ ರಜದಲ್ಲಿ ಮಕ್ಕಳು ಜಾಸ್ತಿ ಮಾತಾಡ್ತಿರೋದು ಹಳೇಬೀಡಿನ ಬಗ್ಗೆ ಅಲ್ಲ, ನಮ್ ತವರೂರಿನ ನಾಟಕದ ಬಗ್ಗೆ. ನಮ್ಮೂರು ಗುಬ್ಬಿ ತಾಲ್ಲೂಕು. 1884ರಲ್ಲಿ ಗುಬ್ಬಿ ನಾಟಕ ಕಂಪನಿ ಶುರುವಾದ ನೆಲ, ಕಂಪನಿ ಕಾಲ ಮುಗಿದ್ರೂ ಹಳ್ಳಿಗಳಲ್ಲಿ ನಾಟಕದ ಹುಚ್ಚು ಹೋಗಿಲ್ಲ. ಬೇಸಿಗೇಲಿ ಹಬ್ಬ ಜಾತ್ರೆ ಬಂತಂದ್ರೆ ಊರೋರೇ ಸೇರಿ ಪೌರಾಣಿಕ ನಾಟಕ ಆಡ್ತಾರೆ, ತಿಂಗಳುಗಟ್ಟಲೆ ಮೊದ್ಲೇ ಹಾರ್ಮೋನಿಯಂ ಮೇಷ್ಟ್ರನ್ನ ಗೊತ್ತು ಮಾಡಿ ರಾತ್ರಿ ಹೊತ್ತು ಕಲೀತಾರೆ, ಪಾತ್ರ ಬೇಕಾದೋರು ತಾವೇ ದುಡ್ಡು ಹಾಕ್ಬೇಕು, ದುರ್ಯೋಧನ ಭೀಮ ಕೃಷ್ಣ ಅಂದ್ರೆ ಜಾಸ್ತಿ, ದ್ವಾರಪಾಲಕ ಅಂದ್ರೆ ಕಮ್ಮಿ. ಸ್ತ್ರೀ ಪಾತ್ರಕ್ಕೆ ಊರಾಚೆಯಿಂದ ಕಲಾವಿದೆಯರು ಬರ್ತಾರೆ. ಸೀನರಿಯವ್ರು ಲಾರೀಲಿ ಪರದೆ, ಕಿರೀಟ, ಗದೆ, ಲೈಟು ಎಲ್ಲಾ ತರ್ತಾರೆ. ನೋಡೋರಿಗೆ ಟಿಕೆಟ್ಟಿಲ್ಲ, ಚಾಪೆ ತಗೊಂಡ್ ಹೋಗಿ ಜಾಗ ಹಿಡಿದ್ರಾಯ್ತು.

ರಾತ್ರಿ ಒಂಬತ್ತಕ್ಕೆ ಸರಿಯಾಗಿ ಅಂತ ಬ್ಯಾನರಲ್ಲಿ ಹಾಕಿರ್ತಾರೆ, ಗಣಪತಿ ಪ್ರಾರ್ಥನೆ ಶುರುವಾಗೋದು ಹತ್ತೂವರೆಗೆ, ಮಧ್ಯ ಮಧ್ಯ ಸನ್ಮಾನ, ಮುಖಂಡರ ಭಾಷಣ. ಅಷ್ಟು ಹೊತ್ತು ಮಕ್ಕಳು ಸುಮ್ನೆ ಕೂರ್ತಾವಾ, ಸ್ಟೇಜ್ ಹಿಂದುಗಡೆ ಪರದೆ ಸಂದೀಲಿ ಇಣುಕೋಕೆ ಹೋದ್ರು. ಅಲ್ಲಿ ನಮ್ಮಣ್ಣನ ಸ್ನೇಹಿತ್ರು, ದುರ್ಯೋಧನನ ಪಾರ್ಟು, ಮುಖಕ್ಕೆ ಬಣ್ಣ, ಮೀಸೆ, ಎದೆಗೆ ಕವಚ, ತಲೆಗೆ ಕಿರೀಟ, ಎಲ್ಲಾ ಆಗಿ ಪ್ಲಾಸ್ಟಿಕ್ ಕುರ್ಚೀಲಿ ಕಾಲು ಮೇಲೆ ಕಾಲು ಹಾಕ್ಕೊಂಡು ಕೂತು ಮೊಬೈಲಲ್ಲಿ "ತ್ರೀ ಫೇಸ್ ಎಷ್ಟ್ ಹೊತ್ತಿಗೆ ಕೊಡ್ತಾರಂತೆ? ಮೋಟ್ರು ಆನ್ ಮಾಡಿ ಬಾ, ಅಡಿಕೆ ಒಣಗ್ತಿದೆ" ಅಂತಿದ್ರಂತೆ. ಹತ್ತೇ ನಿಮಿಷಕ್ಕೆ ಅವರೇ ಬಣ್ಣದ ದೀಪದ ಕೆಳಗೆ ಗದೆ ಎತ್ಕೊಂಡು ಬಂದು ಕಂದ ಪದ್ಯ ಎಳೆದ ರೀತಿಗೆ ನಮ್ಮ ಮಗ ಬಾಯಿ ಬಿಟ್ಕೊಂಡು ಕೂತ. ಜನ ಒನ್ಸ್‌ಮೋರ್ ಒನ್ಸ್‌ಮೋರ್ ಅಂದ್ರು, ಮತ್ತೆ ಹಾಡಿದ್ರು, ಯಾರೋ ಹೋಗಿ ನೋಟಿನ ಹಾರ ಹಾಕಿದ್ರು, ಪಾಪ ಶಕುನಿ ಸುಮ್ನೆ ಪಕ್ಕದಲ್ಲಿ ದಾಳ ಹಿಡ್ಕೊಂಡು ಕಾಯ್ತಾ ನಿಂತಿದ್ದ. ಸಂಧಾನದ ಸೀನ್ ಹೊತ್ತಿಗೆ ಮಗ ನಿದ್ದೆ ಹೋದ, ಗದಾಯುದ್ಧಕ್ಕೆ ಎಬ್ಬಿಸ್ಲೇಬೇಕು ಅಂತ ಮೊದ್ಲೇ ಹೇಳಿದ್ದ, ಎಬ್ಬಿಸಿದ್ವಿ, ಅಷ್ಟೊತ್ತಿಗೆ ಪೂರ್ವದಲ್ಲಿ ಬೆಳಕು ಹರೀತಿತ್ತು. ಖರ್ಚು ಅಂದ್ರೆ ಕಡ್ಲೆಪುರಿ, ಬೋಂಡ, ಆಮೇಲೆ ತವರಿಗೆ ಬರಿಗೈಲಿ ಹೋಗೋಕಾಗತ್ತಾ, ಒಂದಷ್ಟು ಹಣ್ಣು. ತುಮಕೂರಿಗೆ ಬಂದ್ಮೇಲೆ ಒಂದು ವಾರ ಮನೇಲಿ ಪೊರಕೆನೇ ಗದೆ.

ಹೊರಗಡೆ ಹೋಗೋದು ಇಷ್ಟೇ, ಮಿಕ್ಕಿದ್ದೆಲ್ಲ ಮನೇಲೇ. ಹತ್ರದ್ದು ಅಂತ ದೇವರಾಯನದುರ್ಗ, ನಾಮದ ಚಿಲುಮೆ ಒಂದು ಸುತ್ತು ಹೋಗೇ ಹೋಗ್ತೀವಿ, ಬಂಡೆ ಒಳಗಿಂದ ನೀರು ಬರೋದನ್ನ ಎಷ್ಟ್ ಸಲ ನೋಡಿದ್ರೂ ಮಕ್ಕಳಿಗೆ ಬೇಜಾರಾಗಲ್ಲ, ಕೋತಿಗಳಿಂದ ಡಬ್ಬಿ ಉಳಿಸ್ಕೊಳ್ಳೋದೊಂದೇ ಕಷ್ಟ. ಬರ್ತಾ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ಅದಕ್ಕೆ ಮಗಳೂ ಇಲ್ಲ ಅನ್ನಲ್ಲ.

ಮನೇಲಿ ಮಧ್ಯಾಹ್ನದ ಹೊತ್ತು ಬಹಳ ಕಷ್ಟ, ಹೊರಗೆ ಬಿಸಿಲು, ಒಳಗೆ ಎರಡೂ ಕಚ್ಚಾಡ್ತಾವೆ. ನಮ್ಮನೇಲಿ ಇದಕ್ಕೆ ಮದ್ದು ಚೌಕಾಬಾರ. ಬೋರ್ಡು ಗೀರ್ಡು ಏನೂ ಕೊಂಡಿಲ್ಲ, ನಡುಮನೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆ, ನಾಲ್ಕು ಕಡೆ ಮತ್ತೆ ನಡುವೆ ಕಟ್ಟೆ ಗುರುತು, ಕವಡೆ ಇಲ್ಲದಿದ್ರೆ ಹುಣಸೆಬೀಜ ಒಂದ್ ಮಗ್ಗುಲು ಬೆಳ್ಳಗಾಗೋವರ್ಗೂ ಕಲ್ಲಿಗೆ ತೇಯ್ದ್ರೆ ಆಯ್ತು, ಆ ತೇಯೋ ಕೆಲಸಾನೂ ಮಕ್ಕಳಿಗೇ ಕೊಡಿ, ಅರ್ಧ ಗಂಟೆ ಮನೆ ನಿಶ್ಶಬ್ದ. ಕಾಯಿಗೆ ಬಳೆ ಚೂರು, ಕಡ್ಲೇಬೀಜ, ಕಾಫಿ ಬೀಜ, ಗುಂಡಿ, ಒಬ್ಬೊಬ್ರಿಗೆ ಒಂದೊಂದು. ನಾಲ್ಕೂ ಬೆಳ್ಳಗೆ ಬಿದ್ರೆ ಚೌಕ, ನಾಲ್ಕು, ನಾಲ್ಕೂ ಕವುಚಿ ಬಿದ್ರೆ ಬಾರ, ಎಂಟು, ಎರಡಕ್ಕೂ ಇನ್ನೊಂದ್ ಸಲ ಹಾಕ್ಬಹುದು. ಯಾರ್ದಾದ್ರೂ ಒಂದ್ ಕಾಯಿ ಹೊಡೀದೆ ಒಳಗಿನ ಸುತ್ತಿಗೆ ಹೋಗೋಂಗಿಲ್ಲ, ಜಗಳ ಶುರುವಾಗೋದೇ ಇಲ್ಲಿ. ನಮ್ಮತ್ತೆ ಆಟದಲ್ಲಿ ಮೊಮ್ಮಕ್ಕಳು ಅಂತ ಕರುಣೆ ತೋರ್ಸೋರಲ್ಲ, ಹಣ್ಣಾಗೋಕೆ ಎರಡೇ ಮನೆ ಇದ್ದ ಮಗನ ಕಾಯಿನ ಹೊಡೆದು ಹೊರಗೆ ಹಾಕಿ, ಎಲೆ ಅಡಿಕೆ ಬಾಯಿಗೆ ಹಾಕ್ಕೊಂಡು "ಆಡೋ, ಅಳ್ಬೇಡ" ಅಂದ್ರು. ಅವನು ಅತ್ತ. ಐದ್ ನಿಮಿಷಕ್ಕೆ ಇನ್ನೊಂದಾಟ ಅಂತ ಅವನೇ ಮನೆ ಬರೀತಿದ್ದ.

ಟೀವಿದೂ ಅಷ್ಟೇ. ಮುಂಚೆ ಎರಡು ಮೂರು ಓಟಿಟಿಗೆ ತಿಂಗಳಾ ತಿಂಗಳಾ ದುಡ್ಡು ಕಟ್ಟಾಗ್ತಿತ್ತು, ಯಾರೂ ಸರಿಯಾಗಿ ನೋಡ್ತಿರ್ಲಿಲ್ಲ. ಈಗ ಒಂದ್ ತಿಂಗಳಿಗೆ ಒಂದೇ, ಆ ತಿಂಗಳು ಯಾವ್ದು ಅಂತ ಓಟು, ಆಟೋ ಪೇ ಮಾತ್ರ ಆವತ್ತೇ ಆಫ್ ಮಾಡ್ಬಿಡಿ, ಇಲ್ದಿದ್ರೆ ಮುಂದಿನ ತಿಂಗಳು ಸದ್ದಿಲ್ದೆ ಕಟ್ಟಾಗತ್ತೆ. ಶನಿವಾರ ರಾತ್ರಿ ಸಿನಿಮಾ, ಸರದಿ ಪ್ರಕಾರ ಒಬ್ಬೊಬ್ರು ಆರಿಸೋದು, ಆರಿಸಿದ್ದನ್ನ ಬೈಯೋ ಹಾಗಿಲ್ಲ, ಎದ್ದು ಹೋಗೋ ಹಾಗಿಲ್ಲ. ಅತ್ತೆ ಸರದಿ ಬಂದ್ರೆ ಕಪ್ಪು ಬಿಳುಪು, ಮಕ್ಕಳು ಮೊದಲರ್ಧ ಗಂಟೆ ನರಳ್ತಾರೆ, ಆಮೇಲೆ ಹೀರೋನೋ ವಿಲನ್ನೋ ಮುಂದೇನ್ ಮಾಡ್ತಾನೆ ಅಂತ ಅವರೇ ಕೇಳ್ತಾರೆ. ಲೈಟ್ ಆರಿಸಿ, ಪುರಿಗೆ ಈರುಳ್ಳಿ, ಕ್ಯಾರೆಟ್ ತುರಿ, ಖಾರದ ಪುಡಿ, ಕೊಬ್ಬರಿ ಎಣ್ಣೆ ಹಾಕಿ ಕಲಸಿದ್ರೆ ಮಾಲಲ್ಲಿ ಟಿಕೆಟ್‌ಗಿಂತ ದುಬಾರಿ ಮಾರ್ತಾರಲ್ಲ ಪಾಪ್‌ಕಾರ್ನು, ಅದ್ರ ನೆನಪೂ ಬರಲ್ಲ.

ಇನ್ನು ದೂರದರ್ಶನ ಚಂದನದಲ್ಲಿ ಥಟ್ ಅಂತ ಹೇಳಿ, 2002ರಿಂದ ನಾ. ಸೋಮೇಶ್ವರ ಅವರು ನಡೆಸ್ಕೊಂಡು ಬರ್ತಿದಾರೆ, ನಾನು ಹುಡುಗಿಯಾಗಿದ್ದಾಗ ನೋಡ್ತಿದ್ದೆ, ಈಗ ನಮ್ಮಕ್ಕಳ ಜೊತೆ ನೋಡ್ತೀನಿ. ಅಲ್ಲಿ ಸರಿ ಉತ್ತರಕ್ಕೆ ಪುಸ್ತಕ ಕೊಡ್ತಾರಲ್ವಾ, ನಮ್ಮನೇಲೂ ಪೇಪರ್ ಪೆನ್ನು ಇಟ್ಕೊಂಡು ಟೀಮ್ ಮಾಡ್ತೀವಿ, ಗೆದ್ದೋರಿಗೆ ಬೆಳಗ್ಗೆ ಹಾಲು ತರೋ ಕೆಲಸ ಇಲ್ಲ. ಪುಸ್ತಕಕ್ಕೆ ಲೈಬ್ರರಿ ಇದೆ, ಸಣ್ಣ ಡೆಪಾಸಿಟ್ಟು ಕಟ್ಟಿದ್ರೆ ಮನೆಗೇ ತರಬಹುದು, ಬೇಸಿಗೇಲಿ ಅಲ್ಲಿ ಫ್ಯಾನ್ ಕೆಳಗೆ ಕೂತು ಓದೋದೇ ಒಂದು ಸುಖ.

ಹಪ್ಪಳದ ಕೆಲಸಾನ ಮನರಂಜನೆ ಲಿಸ್ಟಿಗೆ ಸೇರಿಸಿದ್ದಕ್ಕೆ ಮಗಳು ನನ್ ಮೇಲೆ ಕೋಪ ಮಾಡ್ಕೊಂಡ್ಳು. ಆದ್ರೆ ತಾರಸಿ ಮೇಲೆ ಛತ್ರಿ ಹಿಡ್ಕೊಂಡು ಕಾಗೆ ಕಾಯೋಕೆ ಇಬ್ಬರೂ ನಾ ಮುಂದು ತಾ ಮುಂದು ಅಂತ ಹೋಗ್ತಾರೆ, ಯಾಕಂದ್ರೆ ಅರ್ಧ ಒಣಗಿದ ಸಂಡಿಗೆ ಕದ್ದು ತಿನ್ನೋಕೆ ಅದೇ ಜಾಗ, ಸಂಜೆ ಎಣಿಸಿದ್ರೆ ಕಾಗೆ ಲೆಕ್ಕಕ್ಕೂ ಇವರ ಲೆಕ್ಕಕ್ಕೂ ತಾಳೆ ಆಗಲ್ಲ.

ಮೇ ಮೂವತ್ತೊಂದಕ್ಕೆ ಮಗಳು ಕವರ್ ವಾಪಸ್ ಕೊಟ್ಲು, ಒಳಗೆ ಇನ್ನೂರು ಚಿಲ್ಲರೆ ಉಳಿದಿತ್ತು. ನೋಟ್‌ಬುಕ್ಕಿಗೆ ಸೇರಿಸ್ಕೋ ಅಂತಾಳೆ ಅನ್ಕೊಂಡೆ, ಇಲ್ಲ, ಇದು ದಸರಾಕ್ಕೆ ಅಂತ ಮೇಲೆ ಬರೆದಿಟ್ಟಿದಾಳೆ. ಪ್ಲಾನೂ ರೆಡಿ. ಕುಣಿಗಲ್ ನಾಗಮಂಗಲ ಮೇಲೆ ಮೈಸೂರು ಬಸ್ಸು, ಸಂಜೆ ಅರಮನೆ ಲೈಟಿಂಗು, ಹತ್ತಿರತ್ತಿರ ಒಂದ್ ಲಕ್ಷ ಬಲ್ಬು ಒಂದೇ ಸಲ ಹತ್ತೋದನ್ನ ತಮ್ಮ ಇನ್ನೂ ನೋಡಿಲ್ಲ, ಮಾರನೇ ದಿನ ಸೋಮನಾಥಪುರ, ಅಲ್ಲಿ ಟಿಕೆಟ್ ಇದೆ ಆದ್ರೆ 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ, ಅಂದ್ರೆ ಅಪ್ಪ ಅಮ್ಮ ಅಜ್ಜಿಗೆ ಮಾತ್ರ. ರಾತ್ರಿ ಉಳಿಯೋ ಕಾಲಂನಲ್ಲಿ "ಚಿಕ್ಕಜ್ಜಿ ಮನೆ, 0 ರೂಪಾಯಿ" ಅಂತ ಬರೆದಿದಾಳೆ. ಮೈಸೂರಿನ ನಮ್ ಚಿಕ್ಕಮ್ಮಂಗೆ ಈ ವಿಷಯ ಇನ್ನೂ ಯಾರೂ ಹೇಳಿಲ್ಲ, ದಸರಾ ಟೈಮಲ್ಲಿ ಅವರ ಮನೆಗೆ ಎಷ್ಟ್ ಜನ ಹೀಗೇ ಸೊನ್ನೆ ಬರ್ಕೊಂಡು ಕೂತಿದಾರೋ ಏನೋ, ನಾಳೆನೇ ಫೋನ್ ಮಾಡಿ ಜಾಗ ಹಿಡೀಬೇಕು.